ಕಗ್ಗಲ್ಲುದುರ್ಗದ ಕೋವಿ ಕಟ್ಟಳೆ

“ಕೇಳ್ರಪ್ಪೋ ಕೇಳ್ರಿ! ಕಗ್ಗಲ್ಲುದುರ್ಗದ ಒಡೆಯರು ಮುದ್ದಪ್ಪನಾಯಕರ ಅಪ್ಪಣೆ! ದೊರೆಗಳು ಮೂರು ಒಗಟು ಹಾಕ್ತಾರೆ. ಬಿಡಿಸಿದೋನಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದೋನ ತಲೆ ಊರಬಾಗಿಲಿಗೆ!”

ಡಂಗುರದವನು ಸಾರಿ ಮುಂದಿನ ಬೀದಿಗೆ ಹೋದ. ಪೇಟೆಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊರೆಗೆ ತಲೆ ಕೆಟ್ಟಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಯಾಕೆ ಕೆಟ್ಟಿತೆಂಬುದೂ ಗೊತ್ತಿತ್ತು. ಗಂಡುಮಗು ಹುಟ್ಟಿದ ಖುಷಿಗೆ ನಾಯಕ ಕೋಟೆಯ ಬತೇರಿಯ ಮೇಲೆ ನಿಂತು ಆಕಾಶಕ್ಕೆ ಕೋವಿ ಹಾರಿಸಿದ್ದ. ಅದೇ ಹೊತ್ತಿಗೆ ಅರಮನೆಯ ಅಂಗಳದಲ್ಲಿ ಆಡುತ್ತಿದ್ದ ಅವನ ಹಿರಿಮಗಳು ನಾಗಾಜಿ ನೆತ್ತಿ ಒಡೆದು ಸತ್ತುಬಿದ್ದಳು. ವಿಧಿ ಎಂದರು ಜೋಯಿಸರು. ಹೌದು, ವಿಧಿಯೇ ಎಂದಿತು ಊರು. ತಲೆ ಉಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಮಾತು ಎಲ್ಲಿದೆ? ನಾಯಕ ಮಾತ್ರ ಒಂದು ಕಟ್ಟಳೆ ಮಾಡಿದ: ಕೋಟೆಯ ಕೂಗಳತೆಯೊಳಗೆ ಯಾರೂ ಕೋವಿ ಹಾರಿಸಕೂಡದು, ಹಾರಿಸಿದವನಿಗೆ ಗಲ್ಲು.

ಆ ಕಟ್ಟಳೆಗೆ ಮೊಟ್ಟಮೊದಲು ಸಿಕ್ಕಿಬಿದ್ದವನು ಒಕ್ಕಲ ಹುಡುಗ ಪಾಲಯ್ಯನ ಅಣ್ಣ ಬೋರಯ್ಯ. ನವಣೆ ಹೊಲಕ್ಕೆ ಹಂದಿ ನುಗ್ಗಿದಾಗ ಅವನು ಕೋಟೆಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ. ಯಾರೂ ಓಗೊಡಲಿಲ್ಲ. ಕೂಗಳತೆಯ ಆಚೆಗಿದ್ದೇನೆಂದು ಧೈರ್ಯವಾಗಿ ಕೋವಿ ಹಾರಿಸಿದ. ಮರುದಿನ ಕಾವಲಿನವರು ಡಂಗುರದವನನ್ನು ಬತೇರಿ ಹತ್ತಿಸಿ ಕೂಗಿಸಿದರು. ಅವನದು ಏಳೂರಿಗೆ ಕೇಳುವ ಗಂಟಲು. ಹೊಲದಲ್ಲಿ ಸ್ಪಷ್ಟವಾಗಿ ಕೇಳಿಸಿತು. ಬೋರಯ್ಯನಿಗೆ ಕೋಳ ಬಿತ್ತು, ಅಮಾವಾಸ್ಯೆಗೆ ಗಲ್ಲು ಎಂದಾಯಿತು. ಹೆತ್ತವರಿಲ್ಲದ ಪಾಲಯ್ಯನನ್ನು ತಾಯಿಯಂತೆ ಸಾಕಿದವನು ಆ ಅಣ್ಣ. ಅಂದಿನಿಂದ ಪಾಲಯ್ಯನಿಗೆ ಅನ್ನ ಸೇರಲಿಲ್ಲ.

ಒಗಟಿಗೆ ಮೊದಲು ಬಂದವನು ದಳವಾಯಿಯ ಮಗ. ಮೀಸೆ ತಿರುವುತ್ತ ನಿಂತ.

“ಚೀಲದಾಗಿದ್ದಾಗ ನಂದು. ಬಿಟ್ಟ ಮೇಲೆ ಯಾರದೂ ಅಲ್ಲ. ಬಿದ್ದ ಮೇಲೆ ಆ ಮನೆಯೋರದು. ಏನದು?” ಎಂದ ನಾಯಕ.

“ಬುದ್ಧಿ, ಅದು ಬಿತ್ತನೆ ಬೀಜ.”

“ಬೀಜ ಬಿದ್ದ ಮನೇಲಿ ಯಾರೂ ಎದೆ ಬಡ್ಕೊಳ್ಳಲ್ಲ,” ಎಂದು ನಾಯಕ ಕೈಸನ್ನೆ ಮಾಡಿದ. ದಳವಾಯಿ ಕಾಲಿಗೆ ಬಿದ್ದು ಬೇಡಿದರೂ ಮಗನ ತಲೆ ಉಳಿಯಲಿಲ್ಲ.

ಎರಡನೆಯವನು ಗಾಣದ ತಿಪ್ಪವ್ವನ ಒಬ್ಬನೇ ಮಗ ಗುರುಸಿದ್ಧ. “ಕೋವಿಯ ಗುಂಡು,” ಎಂದ. ಸರಿಯಾಯಿತು. ನಾಯಕ ಎರಡನೆಯದು ಹಾಕಿದ: “ಊರಿಗೊಂದು ಬೇಲಿ. ಮುಳ್ಳಿಲ್ಲ, ಕಲ್ಲಿಲ್ಲ. ಗಟ್ಟಿಗನಿಗೆ ದೂರ, ಕೆಮ್ಮೋನಿಗೆ ಹತ್ತಿರ. ಏನದು? ನಾಳೆ ಬೆಳಗ್ಗೆ ಬಂದು ಹೇಳು.”

ಸಂಜೆ ಗುರುಸಿದ್ಧ ಪೇಟೆಯಲ್ಲೆಲ್ಲ ಕೇಳುತ್ತ ಪಾಲಯ್ಯನ ಬಳಿಗೂ ಬಂದ. “ನಿಂಗೇನಾದ್ರೂ ಹೊಳೀತದೇನೋ, ತಮ್ಮಾ?”

ಪಾಲಯ್ಯನಿಗೆ ಕೇಳಿದೊಡನೆ ಹೊಳೆದಿತ್ತು. ಅಣ್ಣನ ಕೊರಳಿಗೆ ಸುತ್ತಿಕೊಂಡದ್ದು ಅದೇ ಬೇಲಿಯಲ್ಲವೆ? ಗುರುಸಿದ್ಧ ಅಣ್ಣನ ಜೊತೆ ಒಂದೇ ಗರಡಿಯಲ್ಲಿ ಸಾಮು ಮಾಡಿದವನು, ನಿಜ. ಆದರೆ ತಲೆಯನ್ನೇ ಪಣಕ್ಕಿಟ್ಟು ಗೆದ್ದವನು ತನಗಾಗಿ ಕೇಳಿಕೊಳ್ಳುತ್ತಾನೆಯೇ ಹೊರತು ಕಂಡವರಿಗಾಗಿ ಕೇಳುತ್ತಾನೆಯೆ? ಅಮಾವಾಸ್ಯೆ ಬೇರೆ ಹತ್ತಿರ ಬಂದಿತ್ತು. ಅಣ್ಣನನ್ನು ಬಿಡಿಸಬೇಕಾದರೆ ತಾನೇ ಗೆಲ್ಲಬೇಕು.

“ನಂಗೇನ್ ಗೊತ್ತಾಗ್ತದಣ್ಣ,” ಎಂದುಬಿಟ್ಟ.

ಬೆಳಗ್ಗೆ ಗುರುಸಿದ್ಧ “ಭಯ” ಎಂದ. ಊರಬಾಗಿಲಲ್ಲಿ ಎರಡು ತಲೆಗಳಾದವು. ಅದನ್ನು ನೋಡಿ ಪಾಲಯ್ಯ ಗೋಡೆಯ ಮರೆಯಲ್ಲಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಚಾವಡಿಯೊಳಗೆ ನಡೆದ.

“ಮೊದಲ್ನೇದು ಗುಂಡು, ಬುದ್ಧಿ. ಎರಡನೇದು ಕೂಗಳತೆ.”

“ಹೆಂಗೆ?”

“ಕೂಗೋನ ಗಂಟಲು ನೋಡ್ಕೊಂಡು ಆ ಬೇಲಿ ಸರಿದಾಡ್ತದೆ. ನಮ್ಮಣ್ಣ ಕೂಗ್ದಾಗ ಹೊಲ ಬೇಲಿಯಾಚೆ ಇತ್ತು. ನಿಮ್ಮೋನು ಕೂಗ್ದಾಗ ಒಳಗೆ ಬಂತು. ಹೊಲ ಇದ್ದಲ್ಲೇ ಐತೆ. ಇನ್ನು ಗುಂಡು ಯಾರ ಕೂಗನ್ನೂ ಕೇಳಲ್ಲ, ಬುದ್ಧಿ.”

ನಾಯಕ ತಲೆ ತಗ್ಗಿಸಿದ. ಮೂರನೆಯದನ್ನು ಹೇಳುವಾಗ ಅವನ ದನಿ ಇಳಿದುಹೋಗಿತ್ತು. “ಈ ಕೋಟೆಯೊಳಗೇ ಒಬ್ಬರು ಮಲಗವರೆ. ದಿನಾ ಕೂಗ್ತೀನಿ, ಓಗೊಡಲ್ಲ. ಮಲಗಿಸಿದ್ದು ಯಾರು?”

“ವಿಧಿ ಅನ್ನೋ, ಮಂಕೇ,” ಎಂದು ಜೋಯಿಸರು ಪಿಸುಗುಟ್ಟಿದರು.

ಪಾಲಯ್ಯ ಜೋಯಿಸರ ಕಡೆ ನೋಡಿದ. ವಿಧಿ ಎಂದರೆ ಬದುಕಿಕೊಳ್ಳಬಹುದೇನೋ. ಆದರೆ ನಾಯಕನ ಕಣ್ಣುಗಳು ಇವನನ್ನೇ ಅಂಗಲಾಚುತ್ತಿದ್ದವು.

“ನೀವೇ, ಬುದ್ಧಿ. ನಾಗಾಜಿಯಮ್ಮನ್ನ ಕೊಂದಿದ್ದು ನಿಮ್ಮ ಕೋವಿ.”

ನಾಯಕ ಎದ್ದವನೇ ಪಾಲಯ್ಯನ ಭುಜ ಹಿಡಿದುಕೊಂಡು ಗೋಳೋ ಎಂದು ಅತ್ತ. “ಇಷ್ಟು ದಿನಕ್ಕೆ ಒಬ್ಬನೂ ಅನ್ನಲಿಲ್ವಲ್ಲೋ! ನನ್ನನ್ನ ಬೈಯೋಕೆ ಒಂದು ಬಾಯಿ ಇರಲಿಲ್ವಲ್ಲೋ!”

ಆಮೇಲೆ ಕಣ್ಣೊರೆಸಿಕೊಂಡು ಅಪ್ಪಣೆ ಮಾಡಿದ. ಕೂಗಳತೆಯ ಲೆಕ್ಕ ಅಂದಿಗೆ ರದ್ದು. ಗುಂಡು ಎಲ್ಲಿವರೆಗೆ ಹೋಗಿ ಬೀಳುತ್ತದೋ ನೋಡಿ, ಅದರ ಎರಡರಷ್ಟು ದೂರಕ್ಕೆ ಕೋಟೆಯ ಸುತ್ತ ಗಡಿಕಲ್ಲು ನೆಡಬೇಕು. ಒಳಗೆ ಹಾರಿಸಿದವನಿಗೆ ಶಿಕ್ಷೆ, ಅವನು ಪಟ್ಟದಲ್ಲಿ ಕುಳಿತವನಾದರೂ ಸರಿ.

“ನಿಂಗೇನ್ ಬೇಕು ಕೇಳು.”

“ನಮ್ಮಣ್ಣ.”

ಬೋರಯ್ಯನ ಕೋಳ ಕಳಚಿದರು. ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ತಮ್ಮನ ಹೆಗಲ ಮೇಲೆ ಕೈ ಹಾಕಿ, ನಗುತ್ತ ಅಳುತ್ತ ನಡೆದ. ಊರಬಾಗಿಲಲ್ಲಿ ತಿಪ್ಪವ್ವ ಕುಳಿತಿದ್ದಳು. ಪಾಲಯ್ಯನನ್ನು ಕಂಡು ಎದ್ದಳು.

“ನನ್ ಮಗ ನಿನ್ ಹತ್ರ ಬಂದು ಕೇಳಿದ್ನಂತೆ. ಆಗ್ಲೇ ಗೊತ್ತಿತ್ತೇನೋ ನಿಂಗೆ?”

ಪಾಲಯ್ಯನಿಗೆ ಸುಳ್ಳು ಹೇಳಬೇಕೆನ್ನಿಸಿತು. ಆಗಲಿಲ್ಲ.

“ಗೊತ್ತಿತ್ತವ್ವ.”

ಅವಳು ಬೈಯಲಿಲ್ಲ, ಅಳಲೂ ಇಲ್ಲ. “ಗೆದ್ರೆ ಏನ್ ಕೇಳ್ತೀಯೋ ಅಂದಿದ್ದೆ ಅವನ್ನ. ಬೋರಣ್ಣನ್ನ ಬಿಡಿಸ್ಕೊಂಡು ಬರ್ತೀನಿ ಕಣವ್ವ ಅಂತ ಹೇಳಿ ಹೋದ.”

ಬೋರಯ್ಯ ತಮ್ಮನ ಹೆಗಲ ಮೇಲಿಂದ ಕೈ ತೆಗೆದ.