ಕಪ್ಪು ಚುಕ್ಕೆಯ ಹುಳು

ನಿಂಗಾಜಮ್ಮ ಮತ್ತು ಸಾಕವ್ವ ನೆರೆಹೊರೆಯವರು. ರೇಷ್ಮೆ ಹುಳು ಸಾಕಲು ಇಬ್ಬರಿಗೂ ಸೇರಿ ಒಂದೇ ಮನೆ. ನಡುವೆ ಒಂದು ಚಾಪೆಯ ತಡಿಕೆ.

ಹೋದ ವರ್ಷ ಸಾಕವ್ವನ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟ ದಿನವೇ ನಿಂಗಾಜಮ್ಮನ ಮಗಳು ಜ್ವರದಲ್ಲಿ ತೀರಿಕೊಂಡಳು. ಸಾವಿನ ಮನೆ ತುಳಿದು ಬಂದವರ ಗಾಳಿ ಸೋಕಿದರೆ ಹುಳು ಕೆಡುತ್ತದೆ ಎಂಬುದು ಆ ಊರಿನ ನಂಬಿಕೆ. ಅದಕ್ಕೆ ಹೆದರಿ ಸಾಕವ್ವ ಸಾವಿನ ಮನೆಗೆ ಬರಲಿಲ್ಲ. ಅಂದಿನಿಂದ ನಿಂಗಾಜಮ್ಮ ಅವಳೊಡನೆ ಮಾತು ಬಿಟ್ಟಳು. ಮಾತು ಬಿಟ್ಟರೆ ನೋವು ಒಳಗೇ ಉಸಿರುಗಟ್ಟಿ ಸಾಯುತ್ತದೆ ಎಂದುಕೊಂಡಿದ್ದಳು.

ಈ ಬೆಳೆಯಲ್ಲಿ, ಹುಳು ಕೊನೆಯ ಹಂತಕ್ಕೆ ಬಂದಾಗ, ಸಾಕವ್ವನ ಕಡೆಯ ಕಿಟಕಿಯ ಬಲೆ ಹರಿದಿರುವುದು ನಿಂಗಾಜಮ್ಮನ ಕಣ್ಣಿಗೆ ಬಿತ್ತು. ಹೊರಗೆ ಊಜಿ ನೊಣ ಸುಳಿಯುತ್ತಿತ್ತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ನುಂಗುವ ನೊಣ ಅದು. ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಅವಳ ಹುಳ, ಅವಳ ಹಣೆಬರಹ" ಎಂದುಕೊಂಡು, ತನ್ನ ಹುಳುಗಳಿಗೆ ಸೊಪ್ಪು ಹಾಕಿ ಹೊರಬಂದಳು.

ತಡಿಕೆ ನೊಣವನ್ನು ತಡೆಯಲಿಲ್ಲ. ಎರಡೂ ಕಡೆಯ ತಟ್ಟೆಗಳಲ್ಲಿ ಹುಳುಗಳ ಮೈಮೇಲೆ ಕಪ್ಪು ಚುಕ್ಕೆಗಳು ಎದ್ದವು.

ಹುಳುವಿನ ರಕ್ತದಲ್ಲಿ ಕಪ್ಪಾಗುವ ಸತ್ವವೊಂದು ಅಡಗಿರುತ್ತದೆ. ಹೊರಗಿನದೇನಾದರೂ ಒಳಹೊಕ್ಕರೆ ಹುಳು ಆ ಸತ್ವವನ್ನು ತಂದು ಅದರ ಸುತ್ತ ಗೋಡೆ ಕಟ್ಟುತ್ತದೆ. ಹೊಕ್ಕದ್ದು ಉಸಿರುಗಟ್ಟಿ ಸಾಯಲಿ ಎಂದು. ಎಷ್ಟೋ ಶತ್ರುಗಳು ಹಾಗೆ ಸಾಯುತ್ತವೆ. ಮೊಟ್ಟೆಯೊಡೆದು ಒಳಹೊಕ್ಕ ಊಜಿಯ ಮರಿ ಮಾತ್ರ ಸಾಯುವುದಿಲ್ಲ. ಆ ಕಪ್ಪು ಗೋಡೆಯನ್ನೇ ಹೊರಗಿನ ಗಾಳಿಗೆ ಕೊಳವೆ ಮಾಡಿಕೊಂಡು ಉಸಿರಾಡುತ್ತದೆ, ಒಳಗೇ ಉಂಡು ಬೆಳೆಯುತ್ತದೆ. ಹುಳು ಪ್ರಾಯದಲ್ಲೇ ಮುದಿಯಾಗಿ ಸೊರಗುತ್ತದೆ.

ಇಬ್ಬರೂ ಒಂದೇ ಬಕೆಟ್ಟಿನ ಆಚೀಚೆ ಕುಳಿತು, ಚುಕ್ಕೆಯ ಹುಳುಗಳನ್ನು ಆರಿಸಿ ಸೋಪಿನ ನೀರಿಗೆ ಹಾಕತೊಡಗಿದರು.

"ಬಲೆ ಹರ್ದಿದ್ದು ಕಾಣ್ಲಿಲ್ವೇನಕ್ಕ?" ಸಾಕವ್ವ ಕೇಳಿದಳು.

"ಕಂಡ್ತು."

"ಕಂಡೂ ಹೇಳ್ಲಿಲ್ವಾ?"

"ಹುಳ ಕೆಡ್ತದೆ ಅಂತ ನನ್ ಮಗಳ ಮುಖ ನೋಡಕ್ ಬರ್ಲಿಲ್ಲ ನೀನು. ಈಗ ಆ ಹುಳಾನೆಲ್ಲ ಮಡ್ಲಲ್ಲಿ ಕಟ್ಕೊ."

"ನಿಂದೂ ಹೋಯ್ತಲ್ಲ."

ಸಾಕವ್ವ ತಲೆಯೆತ್ತಿ ಅವಳನ್ನು ನೋಡಿದಳು. ವರ್ಷದ ಮೇಲೆ ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ.

"ಒಂದೇ ವರ್ಷಕ್ಕೆ ಎಷ್ಟು ಮುದುಕಿಯಾಗ್ಬಿಟ್ಯಲ್ಲಕ್ಕ" ಎಂದಳು.

ನಿಂಗಾಜಮ್ಮ ಅಂಗೈ ಮೇಲಿದ್ದ ಹುಳುವಿನ ಕಪ್ಪು ಚುಕ್ಕೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಆಮೇಲೆ ಅದನ್ನೂ ನೀರಿಗೆ ಬಿಟ್ಟಳು.

ನೀತಿ: ನೋವನ್ನು ಕೊಲ್ಲಲೆಂದು ಅದರ ಸುತ್ತ ಹಗೆಯ ಗೋಡೆ ಕಟ್ಟಬೇಡಿ. ಆ ಗೋಡೆಯೊಳಗೆ ನೋವು ಸುಖವಾಗಿ ಬದುಕುತ್ತದೆ. ಸವೆಯುವುದು ಕಟ್ಟಿದವರ ಆಯುಸ್ಸು.