ಅರಸಿಯ ಹವಳದ ಕೊಳ

"ಕೇಳಿರಯ್ಯಾ ಕೇಳಿರಿ! ತೀರಿಹೋದ ಅರಸಿಯ ಹವಳದ ಕೊಳಕ್ಕೆ ಎಂಥ ಉಪ್ಪು ತಕ್ಕದ್ದೆಂದು ಬಲ್ಲವರು ಅರಮನೆಗೆ ಬರತಕ್ಕದ್ದು. ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿಯನ್ನು ಧಾರೆಯೆರೆದು ಅರ್ಧ ರಾಜ್ಯ ಕೊಡಲಾಗುವುದು. ತಪ್ಪಿದವನಿಗೆ ಕೊಳವೇ ಗತಿ!"

ಕಲ್ಲಗೂಡಿನ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆಸಿದವನು ಅರಸ ಚಂದರಸ. ಅವನ ಅರಸಿ ಕಡಲ ಸೀಮೆಯ ಹೆಣ್ಣು. ತವರಿನಿಂದ ಬರುವಾಗ ಜೀವಂತ ಹವಳವನ್ನು ಕೊಪ್ಪರಿಗೆಯಲ್ಲಿಟ್ಟು ತಂದಿದ್ದಳು. ಅವಳಿರುವ ತನಕ ಗಾಡಿಗಾಡಿ ಕಡಲ ನೀರು ಬರುತ್ತಿತ್ತು. ಸತ್ತ ಮೇಲೆ ಅರಸ, "ನೀರಿಗೆ ಉಪ್ಪು ಹಾಕಿದರೆ ಕಡಲೇ ಅಲ್ಲವೇ?" ಎಂದು ಬಾವಿನೀರಿಗೆ ಬಿಳಿಯ ಉಪ್ಪು ಸುರಿಸಿದ. ಹವಳ ಬಣ್ಣ ಬಿಟ್ಟಿತು.

ಅಂದಿನಿಂದ ಮಗಳು ನೀಲವ್ವೆ ಬಾಯಿ ತೆರೆದರೆ ಬರುತ್ತಿದ್ದುದು ತಾಯಿಯ ದನಿ. "ಹವಳದ ಕೊನೆಯ ಟಿಸಿಲು ಬೆಳ್ಳಗಾದಂದು ಮಗಳನ್ನೂ ಕರೆದೊಯ್ಯುತ್ತೇನೆ," ಎಂದಿತ್ತು ಆ ದನಿ. ನೀಲವ್ವೆ ಒಳಗೊಳಗೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ತನ್ನದೊಂದು ಮಾತು ಆಡಲಾರಳು.

ಮೊದಲು ಬಂದವನು ನೆರೆಸೀಮೆಯ ದೊರೆಮಗ. ನೀಲವ್ವೆಯ ಬಾಯಿಂದ ತಾಯಿಯ ದನಿ ಒಗಟು ಕೇಳಿತು.

"ಎಲ್ಲರ ಅಡುಗೆಮನೆಯಲ್ಲೂ ಇದ್ದೇನೆ. ಒಂಟಿಯಾಗಿ ಕೊಳಕ್ಕಿಳಿದರೆ ಕೊಲ್ಲುತ್ತೇನೆ. ಯಾರು ನಾನು?"

"ಈಳಿಗೆ ಮಣೆ!" ಎಂದು ನಕ್ಕ. ನೀರು ಮೆಟ್ಟಿಲು ಹತ್ತಿ ಬಂದು ಅವನ ಕಾಲು ಹಿಡಿಯಿತು. ಆಮೇಲೆ ಒಂದು ಗುಳ್ಳೆ ಎದ್ದಿತು, ಅಷ್ಟೇ.

ಎರಡನೆಯವನು ವರ್ತಕನ ಮಗ. ಅದೇ ಒಗಟಿಗೆ, "ಉಪ್ಪು," ಎಂದ.

"ಸರಿ. ಉಪ್ಪಿಗಿಂತ ಮುಂಚೆ ನೆಲ ಹಿಡಿದು ಕೂರುತ್ತೇನೆ. ಜನ ಕೆರೆದು ಎಸೆಯುತ್ತಾರೆ, ಹವಳ ನನ್ನಿಂದಲೇ ಮನೆ ಕಟ್ಟುತ್ತದೆ. ಯಾರು ನಾನು?"

"ಮರಳು!"

ನೀರು ಮತ್ತೆ ಮೆಟ್ಟಿಲು ಹತ್ತಿತು. ನೀಲವ್ವೆ ಒಳಗೇ ಚೀರಿದಳು, ಯಾರಿಗೂ ಕೇಳಿಸಲಿಲ್ಲ.

ಕಡೆಗೆ ಬಂದವನು ಬೊಮ್ಮು, ಕಡಲಂಚಿನ ಉಪ್ಪಿನ ಆಗರದಲ್ಲಿ ದುಡಿಯುವವನು.

"ಪಂಚೆಯಾದರೂ ಒಗೆದುಕೊಂಡು ಬಾರೋ," ಎಂದ ಕಾವಲಿನವ.

"ಒಗೆದರೂ ಉಪ್ಪು ಬಿಡೂದಿಲ್ಲ ಅಣ್ಣಾ. ಆ ಅರಸಿ ಅಮ್ಮ ನಮ್ಮ ಕಡೆಯವಳು. ಡಂಗುರ ಕೇಳಿ ಸುಮ್ಮನೆ ಹೋಗಲಿಕ್ಕೆ ಮನಸ್ಸಾಗಲಿಲ್ಲ."

ಕೊಳಕ್ಕೆ ಕೈಮುಗಿದು ಕೂತ. ಮೊದಲನೆಯದಕ್ಕೆ ಉಪ್ಪು ಎಂದ. ಎರಡನೆಯದಕ್ಕೆ, "ಸುಣ್ಣದ ಹಕ್ಕಳೆ, ಅಮ್ಮಾ. ಆಗರದ ಪಾತಿಯಲ್ಲಿ ಉಪ್ಪಿಗಿಂತ ಮೊದಲು ಅದೇ ಕೂರ್ತದೆ," ಎಂದ.

"ಎಲ್ಲ ಮುಗಿದ ಮೇಲೆ ಉಳಿಯುತ್ತೇನೆ. ನಾಲಿಗೆಗೆ ತಾಗಿದರೆ ಉಗುಳುತ್ತಾರೆ. ನಾನಿಲ್ಲದ ಕಡಲು ಕಡಲಲ್ಲ. ಯಾರು ನಾನು?"

ಕಣ್ಣೀರಿರಬೇಕು ಎಂದು ನೀಲವ್ವೆಗೆ ತೋಚಿತು. ಒಳಗಿದ್ದ ತಾಯಿ ಅಲ್ಲವೆಂದು ತಲೆಯಾಡಿಸಿದಳು. ಬೊಮ್ಮು ಉತ್ತರ ಹುಡುಕುತ್ತಿದ್ದಂತೆ ನೀರು ಅವನ ಮೊಣಕಾಲು ಮುಟ್ಟಿತು. ಅದನ್ನೇ ಒಂದು ತೊಟ್ಟು ನಾಲಿಗೆಗಿಟ್ಟುಕೊಂಡ.

"ಬರೀ ಉಪ್ಪು... ಕಹಿಯೇ ಇಲ್ಲ! ಕಹಿನೀರು, ಅಮ್ಮಾ! ಉಪ್ಪು ಬಾಚಿದ ಮೇಲೆ ಪಾತಿಯಲ್ಲಿ ಉಳಿಯೂದು. ನಾವೇ ಅದನ್ನ ಕಾಲುವೆಗೆ ಬಿಡ್ತೇವೆ."

ನೀರು ಇಳಿಯಿತು.

ಅರಸ, "ಬಿಡಿಸಿ ಹೇಳಪ್ಪಾ," ಎಂದ.

"ಉಣ್ಣುವವರು ಕಡಲಲ್ಲಿ ಉಪ್ಪೊಂದನ್ನೇ ಆರಿಸಿಕೊಳ್ತಾರೆ ಒಡೆಯಾ. ಹವಳಕ್ಕೆ ಇಡೀ ಕಡಲೇ ಬೇಕು. ಹಕ್ಕಳೆ, ಉಪ್ಪು, ಕಹಿ, ಒಂದನ್ನೂ ಬಿಡದೆ ಒಣಗಿಸಿ ತರಬೇಕು. ಬೇರೆ ಕೊಪ್ಪರಿಗೆಯ ನೀರಲ್ಲಿ ಕದಡಿ, ತಿಳಿಯಾದ ಮೇಲೆ ಕೊಳಕ್ಕೆ ಬಿಡಬೇಕು. ಜೀವದ ಮೈಮೇಲೆ ಸುರೀಬಾರದು."

ಹಾಗೆಯೇ ಮಾಡಿದರು. ದಿನ ಕಳೆದಂತೆ ಹವಳ ಕೆಂಪೇರಿತು. ಒಂದು ಸಂಜೆ ನೀಲವ್ವೆಯ ಎದೆಯಿಂದ ಏನೋ ತಣ್ಣಗೆ ಜಾರಿ ನೀರಿಗಿಳಿಯಿತು.

"ಮಗಳೇ, ಇವನನ್ನು ಒಪ್ಪುತ್ತೀಯಾ?" ಎಂದ ಅರಸ.

ನೀಲವ್ವೆ ಹೆದರುತ್ತಲೇ ಬಾಯಿ ತೆರೆದಳು. ಬಂದದ್ದು ಅವಳದೇ ದನಿ.

"ಒಪ್ಪಿದೆ ಅಪ್ಪಾಜಿ. ಆದರೆ ಮೊದಲು ಕೊಳದ ಪಾಲಾದ ಆ ಇಬ್ಬರ ತಾಯಂದಿರ ಬಳಿ ನಾವೇ ಹೋಗಿ ನಡೆದದ್ದನ್ನು ಹೇಳಿ ಬರೋಣ."

ಆ ಇಬ್ಬರ ಕರ್ಮಾಂತರ ಮುಗಿದ ಮೇಲೆಯೇ ಧಾರೆಯಾಯಿತು, ಬೊಮ್ಮುವಿಗೆ ಅರ್ಧ ರಾಜ್ಯ ಸಂದಿತು. ದೇವರು ಆ ದಂಪತಿಯನ್ನು ಚೆನ್ನಾಗಿಟ್ಟಿರಲಿ, ಕೊಳದೊಳಗಿರುವವರನ್ನೂ.