ನೀರು ತಂದ ಒಂಟೆಗಳು

"ಗುರುಗಳೇ, ಸರಿಯಾದದ್ದನ್ನೇ ಹೇಳಿದರೂ ಜನ ಯಾಕೆ ಕೇಳುವುದಿಲ್ಲ?" ಎಂದು ಗುರುಶಾಂತ ಕೇಳಿದ. ಮಠದ ಅಡುಗೆಮನೆಯ ಉಸ್ತುವಾರಿ ಅವನದು. ಅಲ್ಲಿಯವರಿಗೆ ಹೇಳಿ ಹೇಳಿ ಅವನಿಗೆ ಸಾಕಾಗಿಹೋಗಿತ್ತು. ತಾನು ಹೇಳಿದಂತೆ ಒಲೆ ಹೂಡಿದರೆ ಸೌದೆ ಉಳಿಯುತ್ತದೆ ಎಂದು ಅವರೇ ಒಪ್ಪುತ್ತಾರೆ. ಬೆನ್ನು ತಿರುಗಿಸಿದರೆ ಮತ್ತೆ ಹಳೆಯ ಚಾಳಿ.

ಗುರುಗಳು ಒಂದು ಕತೆ ಹೇಳಿದರು.

ರೈಲು ಇನ್ನೂ ತಲುಪದಿದ್ದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆ ಒಂದು ಮರುಭೂಮಿ ದಾಟಬೇಕಿತ್ತು. ಹೊರೆ ಹೊರುವ ಹೇಸರಗತ್ತೆಗಳು ನೀರಿಲ್ಲದೆ ನಡುದಾರಿಯಲ್ಲೇ ಬೀಳುತ್ತಿದ್ದವು. ಸರಕಾರ ಸಮುದ್ರದಾಚೆಯಿಂದ ಒಂಟೆಗಳನ್ನು ತರಿಸಿತು. ಅವುಗಳ ಜೊತೆ ಒಬ್ಬ ಒಂಟೆಯವನೂ ಬಂದ. ಒಂಟೆ ಒಗ್ಗಿದರೆ ಇನ್ನಷ್ಟು ತರಿಸುವುದು, ಒಗ್ಗದಿದ್ದರೆ ಇದ್ದವನ್ನೂ ಹರಾಜು ಹಾಕುವುದು ಎಂದು ದಳಪತಿ ಮೊದಲೇ ಹೇಳಿದ್ದ. ಒಂಟೆಯವನಿಗೋ ಅವು ಹೆತ್ತ ಮಕ್ಕಳಿದ್ದಂತೆ.

ಹೇಸರಗತ್ತೆಯವರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ನಿಂತ ಒಂಟೆಗೆ ಏಣಿ ಹಾಕಿ ಹೊರೆ ಏರಿಸಲು ಹೊರಟರು. ಅದು ಮಂಡಿಯೂರಿ ಕೂರುವ ಪ್ರಾಣಿ ಎಂದು ಒಂಟೆಯವನು ತಲೆ ಚಚ್ಚಿಕೊಂಡ. ಅವರ ಕೈಯಿಂದ ಹಗ್ಗ ಕಿತ್ತುಕೊಂಡು ತಾನೇ ಕೂರಿಸಿದ, ತಾನೇ ಹೊರೆ ಬಿಗಿದ. ಒಂಟೆಯ ನಾತಕ್ಕೆ ಹೇಸರಗತ್ತೆಗಳು ಬೆದರಿ ಓಡಿದಾಗ, ನಿಮ್ಮ ಪ್ರಾಣಿಗಳಿಗೂ ನಿಮ್ಮಷ್ಟೇ ಬುದ್ಧಿ ಎಂದ. ಒಂಟೆ ಸಲೀಸಾಗಿ ದಿಣ್ಣೆ ಹತ್ತಿದಾಗಲೆಲ್ಲ, ನೋಡಿದಿರಾ, ಎಂದ. ಅವನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ, ಅದೇ ಕಷ್ಟ.

ಒಮ್ಮೆ ದಾರಿ ತಪ್ಪಿತು. ನೀರಿನ ಪೀಪಾಯಿಗಳು ಬರಿದಾದವು. ಹೇಸರಗತ್ತೆಗಳು ಕುಸಿದವು, ಜನರೂ ಕೈಚೆಲ್ಲಿ ಕೂತರು. ಒಂಟೆಯವನು ತನ್ನ ಒಂಟೆಗಳೊಂದಿಗೆ ಹೋಗಿ ನದಿ ಹುಡುಕಿ, ಪೀಪಾಯಿಗಳನ್ನು ತುಂಬಿಸಿಕೊಂಡು ಬಂದ. ಆಮೇಲೆ ಒಬ್ಬೊಬ್ಬರ ಮುಂದೆಯೂ ನಿಂತು, ಈ ನೀರು ತಂದದ್ದು ಯಾರು ಎಂದು ಕೇಳಿದ. 'ಒಂಟೆ' ಎಂದು ಬಾಯಿಬಿಟ್ಟ ಮೇಲೆಯೇ ಬಟ್ಟಲು ಕೊಟ್ಟ. ಎಲ್ಲರೂ ಹೇಳಿದರು, ಎಲ್ಲರೂ ಕುಡಿದರು.

ಮರುಭೂಮಿ ದಾಟಿದ ಮೇಲೆ ದಳಪತಿ, ಒಂಟೆ ಬೇಕೋ ಬೇಡವೋ ಎಂದು ವಿಚಾರಿಸಿದ. ಎಲ್ಲರೂ ಒಂದೇ ಬಾಯಲ್ಲಿ ಬೇಡವೆಂದರು. ಒಂಟೆಗಳು ಹರಾಜಾದವು, ಕೆಲವು ಸರ್ಕಸ್ಸಿನವರ ಪಾಲು, ಕೆಲವು ಗಣಿಯವರ ಪಾಲು. ಒಂಟೆಯವನು ಹಿರಿಯ ಹೇಸರಗತ್ತೆಯವನೊಬ್ಬನ ತೋಳು ಹಿಡಿದು ಅತ್ತೇಬಿಟ್ಟ.

"ನಿಮ್ಮ ಜೀವ ಉಳಿಸಿದ ಪ್ರಾಣಿ ಕಣಯ್ಯಾ. ಅದರಲ್ಲಿ ಏನು ಕೊರತೆ ಕಂಡಿರಿ?"

"ಯಾವ ಕೊರತೆಯೂ ಇಲ್ಲ" ಎಂದು ಮುದುಕ ತೋಳು ಬಿಡಿಸಿಕೊಂಡು ತನ್ನ ಹೇಸರಗತ್ತೆಗೆ ಹೊರೆ ಕಟ್ಟತೊಡಗಿದ.

ಕತೆ ಮುಗಿಯಿತು. ಗುರುಶಾಂತನಿಗೆ ಮೈಯೆಲ್ಲ ಉರಿಯಿತು. ಎಂಥ ಕೃತಘ್ನ ಜನ, ಒಂಟೆಯವನು ಮಾಡಿದ ತಪ್ಪಾದರೂ ಏನು ಎಂದು ಸಿಡುಕಿದ.

"ಒಂಟೆಯ ನಾತವನ್ನು ಅವರು ಹೇಗೋ ಸಹಿಸಿಕೊಳ್ಳುತ್ತಿದ್ದರು ಗುರುಶಾಂತ, ದಿನಾ ನಿನ್ನನ್ನು ಸಹಿಸಿಕೊಳ್ಳುವುದು ಅವರಿಂದ ಆಗಲಿಲ್ಲ" ಎಂದರು ಗುರುಗಳು.